ಬಂದ ಲಾರಿ ಖಾಲಿ ಹೋಗಬಾರದು

ಶೇಕಬ್ಬನ ಇಂಟರ್‌ಲಾಕ್ ಮೆಷಿನು ನಿಂತದ್ದು ಹೊಯಿಗೆ ಇಲ್ಲದೆ, ಅಂದರೆ ಮರಳಿಲ್ಲದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆಮೇಲೆ ಆ ಓಣಿಯಲ್ಲಿ ನಡೆದದ್ದಕ್ಕೆ ಜನ ಬೇರೆ ಬೇರೆ ಕಾರಣ ಕೊಟ್ಟರು. ಗಲ್ಫಿನ ಬಿಸಿಲು ತಲೆಗೆ ಹತ್ತಿದ್ದು ಎಂದರು ಕೆಲವರು, ಪೇಪರಿನಲ್ಲಿ ಫೋಟೋ ಬಂದದ್ದು ಎಂದರು ಇನ್ನು ಕೆಲವರು. ಎರಡೂ ಸುಳ್ಳಲ್ಲ, ಆದರೆ ಮೂಲ ಕಾರಣ ಹೊಯಿಗೆ. ಹೊಳೆಯಿಂದ ಹೊಯಿಗೆ ತೆಗೆಯಲು ಸರಕಾರ ಬಿಡುತ್ತಿರಲಿಲ್ಲ. ಬಿಟ್ಟಾಗ ಅದು ಸಿಗುತ್ತಿರಲಿಲ್ಲ. ಸಿಕ್ಕಾಗ ಶೇಕಬ್ಬನ ಓಣಿಯ ಬಾಯಿ ದಾಟಿ ನೇರ ಯಾರದೋ ಬಂಗಲೆಯ ಕಡೆಗೆ ಹೋಗುತ್ತಿತ್ತು.

ಅವನ ಮನೆ ಕಾಪುವಿಗೂ ಪಡುಬಿದ್ರಿಗೂ ನಡುವೆ, ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿಯುವ ಓಣಿಯ ಕೊನೆಯಲ್ಲಿತ್ತು. ಪ್ರಾಯದ ದಿನಗಳನ್ನೆಲ್ಲ ಶಾರ್ಜಾದ ಗೋದಾಮೊಂದರಲ್ಲಿ ಬೇರೆಯವರ ಪೆಟ್ಟಿಗೆಗಳಿಗೆ ಕಾವಲು ಕೂತು ಕಳೆದ ಶೇಕಬ್ಬ, ಊರಿಗೆ ಬಂದು, ಕೈಯಲ್ಲಿದ್ದದ್ದನ್ನೆಲ್ಲ ಸುರಿದು ಅಂಗಳದಲ್ಲಿ ನೆಲಕ್ಕೆ ಹಾಸುವ ಇಂಟರ್‌ಲಾಕ್ ಕಲ್ಲು ಒತ್ತುವ ಮೆಷಿನು ಇಟ್ಟಿದ್ದ. ಅದರ ಗಡಗಡ ಸದ್ದಿಗೆ ಮನೆಯ ಗೋಡೆಯ ಗಡಿಯಾರ ಮುಂದೆ ಓಡುತ್ತಿತ್ತು. ಮೆಷಿನು ನಿಂತ ಮೇಲೆ ಗಡಿಯಾರ ಸರಿಯಾಯಿತು, ಮನೆ ಮಾತ್ರ ಕೆಟ್ಟಿತು.

ಶಾರ್ಜಾದಲ್ಲಿ ಈಗ ಅವನ ತಂಗಿಯ ಮಗ ಝುಬೈರ್ ಇದ್ದ. ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ. ಸಣ್ಣವನಿದ್ದಾಗ ಶೇಕಬ್ಬನ ಹೆಗಲ ಮೇಲೆ ಕೂತು ಮದ್ರಸಕ್ಕೆ ಹೋಗುತ್ತಿದ್ದ ಹುಡುಗ, ಈಗ ಪ್ರತಿ ಶುಕ್ರವಾರ ನಮಾಝಿನ ಹೊತ್ತು ದಾಟಿದ ಮೇಲೆ ಫೋನು ಮಾಡಿ ಒಂದೇ ಮಾತು ಹೇಳುತ್ತಿದ್ದ.

"ಮಾಮ, ವೀಸಾ ತಯಾರುಂಟು. ನೀವು ಎಂತ ಮಾಡ್ಲಿಕ್ಕಿಲ್ಲ. ಕೌಂಟರಿನಲ್ಲಿ ಸುಮ್ಮನೆ ಕೂತ್ಕೊಂಡ್ರೆ ಸಾಕು."

ಅವನು ಪ್ರೀತಿಯಿಂದಲೇ ಹೇಳುತ್ತಿದ್ದ. ಶೇಕಬ್ಬನಿಗೆ ಆ 'ಸುಮ್ಮನೆ' ಎಂಬುದನ್ನು ಕೇಳಿದಾಗಲೆಲ್ಲ ಊಟ ಸೇರುತ್ತಿರಲಿಲ್ಲ. ಹೆಂಡತಿ ಕುಂಞಿಪಾತುಮ್ಮ ಸೌಮ್ಯ ಹೆಂಗಸು, ಆದರೆ ತೀರ್ಪು ಕೊಡುವಾಗ ಅಪೀಲಿಗೆ ಜಾಗ ಬಿಡುವವಳಲ್ಲ. ಮಳೆ ಶುರುವಾಗುವ ಮೊದಲು ಮೆಷಿನು ಓಡಿದರೆ ಇಲ್ಲಿ ಇರಿ, ಓಡದಿದ್ದರೆ ಶಾರ್ಜಾಕ್ಕೆ ಹೋಗಿ ಎಂದು ಹೇಳಿ ಅವಳು ಮೀನು ತೊಳೆಯಲು ಹೋದಳು.

ಆ ಮನೆಗೆ ಎರಡು ಕಾನೂನುಗಳಿದ್ದವು. ಸಂವಿಧಾನಕ್ಕಿಂತ ಹಳೆಯವು. ಮೊದಲನೆಯದು, ಯಾರಾದರೂ ಕೊಡಲು ಬಂದದ್ದನ್ನು ಬೇಡ ಎನ್ನಬಾರದು, ಕೊಡುವವರ ಮುಖ ಬಾಡುತ್ತದೆ. ಎರಡನೆಯದು, ಬಂದ ಪಾತ್ರೆ ಖಾಲಿ ಹಿಂದೆ ಹೋಗಬಾರದು. ಪಕ್ಕದ ಮನೆಯ ಪುಷ್ಪಾವತಿ ಬಂಗುಡೆ ಮೀನಿನ ಸಾರು ಕಳಿಸಿದರೆ ಅದೇ ಪಾತ್ರೆಯಲ್ಲಿ ಅಕ್ಕಿರೊಟ್ಟಿ ಹೋಗುತ್ತಿತ್ತು. ರೊಟ್ಟಿ ಇಲ್ಲದ ದಿನ ನಾಲ್ಕು ಬಾಳೆಹಣ್ಣು, ಅದೂ ಇಲ್ಲದ ದಿನ ಒಂದು ಹಿಡಿ ಸಕ್ಕರೆ. ಪುಷ್ಪಾವತಿ ಕಡಲ ಮೀನುಗಾರರಾದ ಮೊಗವೀರರವಳು, ಒಣಮೀನಿನ ವ್ಯಾಪಾರದವಳು. ಅವಳಿಗೂ ಇದೇ ಕಾನೂನು. ಹಾಗಾಗಿ ಈ ಎರಡು ಮನೆಗಳ ನಡುವೆ ಪಾತ್ರೆಗಳು ಎಷ್ಟೋ ವರ್ಷಗಳಿಂದ ತಿರುಗುತ್ತಲೇ ಇದ್ದವು. ಯಾವುದು ಯಾರದ್ದು ಎಂಬುದು ಇಬ್ಬರಿಗೂ ಮರೆತುಹೋಗಿತ್ತು.

ಇಂಥ ಮನುಷ್ಯನನ್ನು ಮಣಿಪಾಲದ ಸಭೆಗೆ ಕರೆಯಬಾರದಾಗಿತ್ತು. ಆದರೆ ಕರೆದರು.

ಕರೆದವಳು ರೇಚಲ್ ಎಂಬ ತರುಣಿ. ಒಂದು ಕಾರ್ಖಾನೆ ಎಸೆಯುವುದನ್ನು ಇನ್ನೊಂದು ಕಾರ್ಖಾನೆಯ ಬಾಗಿಲಿಗೆ ಮುಟ್ಟಿಸುವ ಸಂಸ್ಥೆಯವಳು. ಉಡುಪಿಯಿಂದ ಕಾರ್ಕಳದವರೆಗೆ ಸಣ್ಣ ದೊಡ್ಡ ಉದ್ಯಮಗಳ ಬಾಗಿಲು ತಟ್ಟಿ, ನಿಮ್ಮಲ್ಲಿ ಎಂತ ಕಸ ಉಂಟು, ನಿಮಗೆ ಎಂತ ಬೇಕು ಎಂದು ಕೇಳುತ್ತ ತಿರುಗಿದವಳು. ಜಗತ್ತಿನಲ್ಲಿ ಕಸ ಎಂಬುದೇ ಇಲ್ಲ, ವಿಳಾಸ ತಪ್ಪಿದ ವಸ್ತುಗಳು ಮಾತ್ರ ಇವೆ ಎಂದು ಅವಳು ಸಭೆಯ ಆರಂಭದಲ್ಲಿ ಹೇಳಿದಾಗ ಶೇಕಬ್ಬನಿಗೆ ಕಣ್ಣು ತುಂಬಿ ಬಂತು. ಶಾರ್ಜಾದ ಗೋದಾಮಿನಲ್ಲಿ ವಿಳಾಸ ತಪ್ಪಿದ ಪೆಟ್ಟಿಗೆಗಳನ್ನು ಅವನು ಎಷ್ಟು ನೋಡಿಲ್ಲ! ಎ.ಸಿ. ಬೇರೆ ಜೋರಾಗಿತ್ತು.

ಮೊದಲು ಎದ್ದವರು ಲಿಯೋನೆಲ್. ಕಾರ್ಕಳದಲ್ಲಿ ಗ್ರಾನೈಟ್ ಕೊಯ್ಯುವ ಘಟಕದ ಮಾಲೀಕರು, ದೊಡ್ಡ ಮೀಸೆಯ, ಸಣ್ಣ ಕೋಪದ ಮನುಷ್ಯ. ಕಲ್ಲು ಕೊಯ್ದಾಗ ಬರುವ ಹಿಟ್ಟು ಅಂಗಳದಲ್ಲಿ ಗುಡ್ಡವಾಗಿದೆ, ಹಾಕಲು ಜಾಗವಿಲ್ಲ ಎಂದರು. ಆ ಹಿಟ್ಟನ್ನು ಹೊಯಿಗೆಯ ಬದಲು ಇಂಟರ್‌ಲಾಕಿಗೆ ಹಾಕಬಹುದು ಎಂದು ರೇಚಲ್ ವಿವರಿಸಿ, ನಿಮಗೆ ಬೇಕಾ ಶೇಕಬ್ಬರೇ ಎಂದು ಕೇಳಿದಳು.

"ಆಯ್ತು, ಕಳಿಸಿ," ಎಂದ ಶೇಕಬ್ಬ.

ಇಲ್ಲಿಗೆ ಅವನು ಮನೆಗೆ ಹೋಗಿದ್ದರೆ ಈ ಕಥೆ ಇಲ್ಲ. ಆದರೆ ಮುಂದಿನವರು ಗೇರುಬೀಜದ ಕಾರ್ಖಾನೆಯ ಮ್ಯಾನೇಜರು. ತಮ್ಮಲ್ಲಿ ಬೀಜ ಒಡೆದ ಸಿಪ್ಪೆ ರಾಶಿ ಬಿದ್ದಿದೆ ಎಂದು ಹೇಳಿ ಸಭೆಯನ್ನು ನೋಡಿದರು. ಯಾರೂ ಕೈ ಎತ್ತಲಿಲ್ಲ. ಮ್ಯಾನೇಜರು ನೆಲ ನೋಡತೊಡಗಿದರು. ಮದುವೆಯ ಊಟದಲ್ಲಿ ಬಡಿಸಲು ಹೋದವನ ಸೌಟು ತುಂಬಿದ ಹಾಗೇ ಹಿಂದೆ ಬಂದಂತೆ ಕಂಡಿತು ಶೇಕಬ್ಬನಿಗೆ. ತಡೆಯಲಾಗಲಿಲ್ಲ. "ಆಯ್ತು, ಕಳಿಸಿ," ಎಂದುಬಿಟ್ಟ. ಅವರದ್ದು ತೆಗೆದುಕೊಂಡು, ಆಮೇಲೆ ಮಣಿಪಾಲದ ಲಾಂಡ್ರಿಯವರು ಹಾಸ್ಟೆಲುಗಳ ಹರಿದ ಹಾಸಿಗೆ ಬಟ್ಟೆ ಉಂಟು ಎಂದಾಗ ಬೇಡ ಎಂದರೆ ಪಂಕ್ತಿಭೇದವಾಗುತ್ತದೆ. ಮಲ್ಪೆಯ ಬಲೆ ಶೆಡ್ಡಿನವರು ಹಳೆಯ ಬಲೆ ಉಂಟು ಎಂದಾಗ ಅವನು ಅವರ ಮಾತು ಮುಗಿಯುವವರೆಗೂ ಕಾಯಲಿಲ್ಲ.

ಇಷ್ಟು ವರ್ಷ ಬಾಗಿಲು ತಟ್ಟಿದ ರೇಚಲ್‌ಗೆ ಹೀಗೆ ತೆರೆದ ಬಾಗಿಲು ಸಿಕ್ಕಿದ್ದು ಮೊದಲ ಸಲ. ಅವಳು ಬೋರ್ಡಿನ ಮೇಲೆ ಎಲ್ಲ ಕಾರ್ಖಾನೆಗಳಿಂದಲೂ ಒಂದೊಂದು ಬಾಣ ಎಳೆದು ಮಧ್ಯದಲ್ಲಿ 'ಶೇಕಬ್ಬ' ಎಂದು ಬರೆದು, 'ಪ್ರಧಾನ ಸ್ವೀಕಾರ ಕೇಂದ್ರ' ಎಂದು ಘೋಷಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಣಗಳೆಲ್ಲ ಒಳಗೇ ಹೋಗುತ್ತಿವೆ, ಹೊರಗೆ ಬರುವ ಬಾಣ ಒಂದೂ ಇಲ್ಲ ಎಂಬುದು ಆ ಸಂಭ್ರಮದಲ್ಲಿ ಯಾರಿಗೂ ಕಾಣಲಿಲ್ಲ. ಮರುದಿನ ಪೇಪರಿನಲ್ಲಿ ಅವನ ಫೋಟೋ ಬಂತು. ಕೆಳಗೆ 'ಉದ್ಯಮಿ' ಎಂದಿತ್ತು. ಶೇಕಬ್ಬ ಆ ದಿನ ಕಾಪು ಪೇಟೆಯಲ್ಲಿ ಅಗತ್ಯಕ್ಕಿಂತ ಹೆಚ್ಚು ಅಂಗಡಿಗಳಿಗೆ ಹೋದ. ಸಂಜೆ ಇಸ್ತ್ರಿ ಹಾಕಿದ ಅಂಗಿಯಲ್ಲೇ ಮನೆಯ ಜಗಲಿಯಲ್ಲಿ ಕೂತ. ಯಾಕೆಂದರೆ ಉದ್ಯಮಿ ಯಾವ ಹೊತ್ತಿಗೆ ಅಂಗಿ ತೆಗೆಯುತ್ತಾನೆ ಎಂಬುದು ಅವನಿಗೆ ತಿಳಿದಿರಲಿಲ್ಲ.

ಕಲ್ಲಿನ ಹಿಟ್ಟಿನ ಲಾರಿ ಮೊದಲು ಬಂತು. ಹಿಟ್ಟು, ಜಲ್ಲಿ, ಸಿಮೆಂಟು ಕಲಸಿ ಒತ್ತಿ ನೋಡಿದರೆ ಕಲ್ಲು ಮೊದಲಿಗಿಂತ ನುಣುಪಾಗಿಯೇ ಬಂತು. ಮೆಷಿನು ಗಡಗಡ ಎಂದಿತು, ಗೋಡೆಯ ಗಡಿಯಾರ ಓಡಿತು. ಶುಕ್ರವಾರ ಝುಬೈರನ ಫೋನು ಬಂದಾಗ ಶೇಕಬ್ಬ ಮೊಬೈಲನ್ನು ಮೆಷಿನಿನ ಹತ್ತಿರ ಹಿಡಿದು ಸದ್ದು ಕೇಳಿಸಿ, ಮಾತಾಡದೆ ಇಟ್ಟುಬಿಟ್ಟ. ಆ ಒಂದು ವಾರ ಅವನು ಸುಖವಾಗಿದ್ದ. ಅದನ್ನು ಇಲ್ಲಿ ದಾಖಲಿಸುವುದು ನ್ಯಾಯ.

ಆಮೇಲೆ ಗೇರುಸಿಪ್ಪೆ ಬಂತು. ಎಣ್ಣೆ ಜಿನುಗುವ ಕರಿ ಸಿಪ್ಪೆ, ಮುಟ್ಟಿದರೆ ಕೈ ಸುಡುವಂಥದ್ದು. ಹಾಸಿಗೆ ಬಟ್ಟೆ ಬಂತು, ಗಂಟು ಗಂಟಾಗಿ. ಬಲೆ ಬಂತು, ಅದರ ಜತೆ ನಾಲ್ಕು ಊರಿನ ಬೆಕ್ಕುಗಳು. ಮೆಷಿನಿಗೆ ಇವು ಯಾವುದೂ ಬೇಡ. ಕೆಲಸದವರು ಹಾಸಿಗೆ ಗಂಟಿನ ಮೇಲೆ ಮಲಗತೊಡಗಿದರು. ಶೇಕಬ್ಬ ಮಾತ್ರ ಪ್ರತಿ ಲಾರಿಗೂ ಗಂಭೀರವಾಗಿ ಎದುರು ಹೋಗಿ, ಬನ್ನಿ ಬನ್ನಿ ಎಂದು ಸ್ವಾಗತಿಸಿ ಇಳಿಸಿಕೊಂಡ.

ಎರಡನೆಯ ಕಾನೂನು ಜಾರಿಗೆ ಬಂದದ್ದು ಆಗ. ಮತ್ತೊಮ್ಮೆ ಗೇರುಸಿಪ್ಪೆ ಸುರಿದ ಲಾರಿ ತಿರುಗಿ ಹೊರಟಿತ್ತು. ಕುಂಞಿಪಾತುಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ಗಂಡನನ್ನು ಕರೆದಳು. ಅಷ್ಟು ದೊಡ್ಡ ಪಾತ್ರೆಯನ್ನು ಬರಿದು ಮಾಡಿ ಕಳಿಸುವುದು ಯಾವ ಮರ್ಯಾದೆ ಎಂದು ಕೇಳಿದಳು. ಶೇಕಬ್ಬನಿಗೆ ನಾಚಿಕೆಯಾಯಿತು. ಮಣಿಪಾಲದಲ್ಲಿ ರೇಚಲ್ ಕೂಡ ವಿನಿಮಯ, ವಿನಿಮಯ ಎಂದು ಎಷ್ಟು ಸಲ ಹೇಳಿದ್ದಳು! ಅವನು ಓಡಿಹೋಗಿ ಲಾರಿ ನಿಲ್ಲಿಸಿ ಹಾಸಿಗೆ ಗಂಟುಗಳನ್ನು ತುಂಬಿಸಿದ. ಚಾಲಕ ತನಗೆ ಹೇಳಿದವರಿಲ್ಲ ಎಂದು ವಾದಿಸಿದ. ಪಾತುಮ್ಮ ಅವನಿಗೆ ಚಹಾ, ಕಾಯಿಹೋಳಿಗೆ ಕೊಟ್ಟಳು. ಅವನು ವಾದ ಮರೆತು ಹೋದ. ಹಾಗೆಯೇ ಲಾಂಡ್ರಿಯ ಟೆಂಪೋದಲ್ಲಿ ಗೇರುಸಿಪ್ಪೆ ಹೋಯಿತು. ಕಲ್ಲಿನ ಹಿಟ್ಟಿನ ಲಾರಿಯಲ್ಲಿ ಬಲೆ ಹೋಯಿತು. ಬಲೆಯ ಟೆಂಪೋದಲ್ಲಿ ಮೂಲೆ ಮುರಿದ ಇಂಟರ್‌ಲಾಕ್ ಹೋಯಿತು.

ಎಲ್ಲರಿಗಿಂತ ಮೊದಲು ಫೋನು ಬಂದದ್ದು ಲಿಯೋನೆಲ್ ಅವರದ್ದು.

"ಶೇಕಬ್ಬರೇ, ನಾನು ಕಲ್ಲು ಕೊಯ್ಯುವವನು. ನನಗೆ ಬಲೆ ಕಳಿಸಿದ್ದೀರಿ. ನಾನು ಕಲ್ಲಿನ ಕೋರೆಯಲ್ಲಿ ಮೀನು ಹಿಡಿಯಬೇಕಾ?"

"ಹಾಗಲ್ಲ ಸರ್. ನಿಮ್ಮ ಲಾರಿ ಖಾಲಿ ಬರ್ತದಲ್ಲ ಅಂತ ನಮ್ಮವಳಿಗೆ ಬೇಜಾರಾಯಿತು."

ಲಿಯೋನೆಲ್ ಬೈಯದೆ ಫೋನು ಇಟ್ಟರು. ಅವಮಾನ ಮಾಡುವವನು ಇಷ್ಟು ಮೆದುವಾಗಿ ಮಾತಾಡುತ್ತಾನೆಯೇ ಎಂಬ ಅನುಮಾನ ಅವರಿಗೆ ಬಂದಿರಬೇಕು. ಲಾಂಡ್ರಿಯವರು ಇನ್ನೂ ಬಿಸಿಯಾಗಿದ್ದರು. ಬಿಳಿ ಬಟ್ಟೆಯ ಜಾಗಕ್ಕೆ ಕರಿ ಸಿಪ್ಪೆ ಸುರಿದ ನಿಮ್ಮ ಮೇಲೆ ಕೇಸು ಹಾಕುತ್ತೇನೆ ಎಂದರು. ಗೇರುಬೀಜದ ಮ್ಯಾನೇಜರು ಮಾತ್ರ ಗುಟ್ಟಿನ ದನಿಯಲ್ಲಿ ಫೋನು ಮಾಡಿದರು. ಬಟ್ಟೆಯ ಗಂಟು ಹಿಂದೆ ಕಳಿಸಲು ಅವರೇ ಹೊರಟಿದ್ದರಂತೆ. ಸಿಪ್ಪೆಯ ಎಣ್ಣೆಯಲ್ಲಿ ಕೈ ಸುಟ್ಟುಕೊಳ್ಳುವ ಹೆಂಗಸರು ಗಂಟು ಬಿಚ್ಚಿ, ಹರಿದು, ಕೈಗೆ ಸುತ್ತಿಕೊಂಡು, ಸೊಂಟಕ್ಕೆ ಕಟ್ಟಿಕೊಂಡು ಆಗಿತ್ತಂತೆ. ಈಗ ವಾಪಸು ಕೇಳಿದರೆ ಕೆಲಸ ನಿಲ್ಲಿಸುತ್ತೇವೆ ಎನ್ನುತ್ತಾರೆ, ಏನು ಮಾಡಲಿ ಎಂದು ಕೇಳಿದರು. ಶೇಕಬ್ಬ ಕ್ಷಮೆ ಕೇಳಿದ. ಅವರೂ ಕೇಳಿದರು. ಯಾಕೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಇದೆಲ್ಲ ದೂರದ ಗಲಾಟೆ. ಹತ್ತಿರದ್ದು ಬಂದದ್ದು ಗಾಳಿಯಲ್ಲಿ.

ಮಳೆಗಾಲಕ್ಕೆ ಮೊದಲು ಊರೆಲ್ಲ ಒಣಮೀನು ಕಟ್ಟಿಡುವ ಸಮಯ. ಪುಷ್ಪಾವತಿಯ ಅಂಗಳದಲ್ಲಿ ನಂಗ್, ಬಂಗುಡೆ, ಸಿಗಡಿ ಚಾಪೆಗಟ್ಟಲೆ ಹರಡಿತ್ತು. ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಎದ್ದು, ಶೇಕಬ್ಬನ ಅಂಗಳದ ಕಲ್ಲಿನ ಹಿಟ್ಟನ್ನು ಎತ್ತಿ, ಗೋಡೆ ದಾಟಿಸಿ, ಅಷ್ಟೂ ಮೀನಿನ ಮೇಲೆ ಸಮನಾಗಿ ಹರಡಿತು. ಅವಳು ಕೊಡವಿ ತೆಗೆದಷ್ಟೂ ಉಳಿಯಿತು. ಸಂತೆಯಲ್ಲಿ ಹಳೆಯ ಗಿರಾಕಿಯೊಬ್ಬಳು ಸಿಗಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ಇದಕ್ಕೆ ಪೌಡರು ಹಾಕಿದ್ದೀಯಾ ಪುಷ್ಪಕ್ಕ, ಮದುಮಗಳಾ ಇದು ಎಂದು ಎಲ್ಲರೆದುರು ಕೇಳಿದಳು. ಜನ ನಕ್ಕರು. ಪುಷ್ಪಾವತಿಯ ಒಣಮೀನಿನಲ್ಲಿ ಮರಳು ಕೂಡ ಇರುವುದಿಲ್ಲ ಎಂದು ಹೆಸರಿತ್ತು. ಅವಳು ಬುಟ್ಟಿ ಮುಚ್ಚಿ ಬಸ್ಸು ಹತ್ತಿ ಮನೆಗೆ ಬಂದಳು.

ಆ ಸಂಜೆ, ಹಿಂದಿನ ದಿನ ಪಾತುಮ್ಮ ಕಳಿಸಿದ್ದ ಪಾತ್ರೆ ಹಿಂದೆ ಬಂತು. ತೊಳೆದು ಒರೆಸಿತ್ತು. ಒಳಗೆ ಏನೂ ಇರಲಿಲ್ಲ.

ಪಾತುಮ್ಮ ಅದರೊಳಗೆ ನೋಡಿದಳು, ಮತ್ತೊಮ್ಮೆ ನೋಡಿದಳು. ಅದನ್ನು ಅಡುಗೆಮನೆಗೆ ಒಯ್ಯಲಿಲ್ಲ, ಜಗಲಿಯ ಮೇಲೆ ಇಟ್ಟಳು. ದೇಶಗಳ ನಡುವೆ ಯುದ್ಧ ಶುರುವಾಗುವಾಗ ರಾಯಭಾರಿಗಳನ್ನು ಕರೆಸಿಕೊಳ್ಳುತ್ತಾರಂತೆ. ಇಲ್ಲಿ ಅಷ್ಟು ಸದ್ದು ಬೇಕಾಗಲಿಲ್ಲ. ರಾತ್ರಿಯೊಳಗೆ ಓಣಿಗೆಲ್ಲ ಗೊತ್ತಾಯಿತು. ಬೆಳಿಗ್ಗೆ ಹಾಲಿನವನು ಎರಡು ಮನೆಗಳ ಮುಂದೆಯೂ ಬೆಲ್ಲು ಬಾರಿಸದೆ ಹೋದ.

ಶೇಕಬ್ಬ ಗೋಡೆಯ ಹತ್ತಿರ ಹೋಗಿ, ಪುಷ್ಪಕ್ಕ, ತಪ್ಪಾಯಿತು ಎಂದ.

"ತಪ್ಪು ನಿಮ್ಮದಲ್ಲ ಶೇಕಬ್ಬಣ್ಣ. ನಿಮಗೆ ಬೇಡ ಅಂತ ಹೇಳ್ಲಿಕ್ಕೆ ಬರುವುದಿಲ್ಲ, ಅದು ನನಗೆ ಗೊತ್ತುಂಟು," ಎಂದಳು ಪುಷ್ಪಾವತಿ, ಕೆಲಸ ನಿಲ್ಲಿಸದೆ. "ಮೀನು ಹೋದರೆ ಹೋಯಿತು. ಮಳೆ ಬಂದ ಮೇಲೆ ಇದೆಲ್ಲ ಬಾವಿಗೆ ಇಳಿದರೆ ಎಂತ ಮಾಡುವುದು? ನಾನು ಪಂಚಾಯತಿಗೆ ಹೇಳಿಯಾಗಿದೆ."

ಪಂಚಾಯತಿನ ಪಿಡಿಒ ಹರಿಣಾಕ್ಷಿ ಮರುದಿನವೇ ಜೀಪಿನಲ್ಲಿ ಬಂದರು. ನಗುವುದನ್ನು ಕಚೇರಿಯ ಸಮಯದ ಹೊರಗೆ ಇಟ್ಟುಕೊಂಡ ಅಧಿಕಾರಿ. ಜೀಪಿನಲ್ಲಿ ಸದಾ ಒಂದು ಹೊಸ ಬೀಗ ಇರುತ್ತಿತ್ತು. ಅವರು ಅಂಗಳದಲ್ಲಿ ಒಂದು ಸುತ್ತು ಬಂದು, ಬೆಕ್ಕುಗಳನ್ನು ದಾಟಿ, ಗೇರುಸಿಪ್ಪೆಯ ರಾಶಿಯ ಎದುರು ನಿಂತು, ಇದು ಯಾವ ಉದ್ಯಮ ಎಂದು ಕೇಳಿದರು. ಶೇಕಬ್ಬ ಪ್ರಧಾನ ಸ್ವೀಕಾರ ಕೇಂದ್ರ ಎಂದ. ಹಾಗೆಂದರೆ ಎಂತ ಎಂದು ಅವರು ಕೇಳಿದಾಗ, ಬಂದದ್ದನ್ನು ಸ್ವೀಕರಿಸುವುದು ಎಂದ. ಪಂಚಾಯತಿನ ಭಾಷೆಯಲ್ಲಿ ಅದಕ್ಕೆ ಕಸದ ತೊಟ್ಟಿ ಎನ್ನುತ್ತಾರೆ ಎಂದರು ಹರಿಣಾಕ್ಷಿ.

"ಸೋಮವಾರ ಬರ್ತೇನೆ. ಕಲ್ಲಿನ ಕೆಲಸಕ್ಕೆ ನಿಮಗೆ ಲೈಸೆನ್ಸ್ ಉಂಟು, ಅದಕ್ಕೆ ಬೇಕಾದ್ದು ಮಾತ್ರ ಇರಬೇಕು, ಅದೂ ಮುಚ್ಚಿ. ಬೇರೆ ಒಂದು ಬುಟ್ಟಿ ಈ ನೆಲದ ಮೇಲೆ ಕಂಡರೂ ಗೇಟಿಗೆ ಬೀಗ. ಮತ್ತೆ, ದೂರು ಕೊಟ್ಟವರು ಒಪ್ಪಬೇಕು."

ಶೇಕಬ್ಬ ಎಲ್ಲದಕ್ಕೂ ಆಯ್ತು ಎಂದ. ಅಭ್ಯಾಸ.

ಅಂಗಳ ತೆರವಾಗುವವರೆಗೆ ಮೆಷಿನು ನಿಲ್ಲಿಸಿದ್ದರಿಂದ ಆ ಶುಕ್ರವಾರ ಝುಬೈರನಿಗೆ ಅದರ ಸದ್ದು ಕೇಳಿಸಲಿಲ್ಲ. ಅವನು ಟಿಕೇಟಿನ ದಿನ ಕೇಳಿದ. ಪಾತುಮ್ಮ ಅಟ್ಟದಿಂದ ಸೂಟ್‌ಕೇಸು ಇಳಿಸಿ ಬಿಸಿಲಿಗೆ ಇಟ್ಟಳು. ಸೂಟ್‌ಕೇಸಿನ ಬಾಯಿ ತೆರೆದೇ ಇತ್ತು.

ಶೇಕಬ್ಬ ಎಲ್ಲ ಕಾರ್ಖಾನೆಗಳಿಗೂ ಫೋನು ಮಾಡಿದ. ಕೇಸು ಹಾಕುತ್ತೇನೆ ಎಂದಿದ್ದ ಲಾಂಡ್ರಿಯವರನ್ನು ಕೊನೆಗೆ ಇಟ್ಟುಕೊಂಡಿದ್ದ. ಅಷ್ಟರಲ್ಲಿ ಅವರೇ ಫೋನು ಮಾಡಿದರು. ದನಿ ಬದಲಾಗಿತ್ತು. ಅವರ ಬಾಯ್ಲರಿನವನು ಸೌದೆ ಸಾಲದೆ ಒಂದು ಬುಟ್ಟಿ ಸಿಪ್ಪೆ ಒಳಗೆ ಎಸೆದಿದ್ದನಂತೆ. ಬೆಂಕಿ ಅಂದರೆ ಅದು ಬೆಂಕಿಯಂತೆ. ಒಂದೇ ತೊಂದರೆ, ಮೊದಲ ದಿನ ಹೊಗೆ ಒಗೆದ ಬಟ್ಟೆಗೆ ಹತ್ತಿ, ಒಂದು ಹಾಸ್ಟೆಲಿನ ಹುಡುಗರೆಲ್ಲ ಹುರಿದ ಗೇರುಬೀಜದ ವಾಸನೆಯಲ್ಲಿ ಮಲಗಿ, ಮಧ್ಯರಾತ್ರಿ ಹಸಿವೆ ಎಂದು ಮೆಸ್ಸಿನ ಬಾಗಿಲು ಬಡಿದರಂತೆ. ಈಗ ಬಟ್ಟೆ ಒಣಗಿಸುವ ಜಾಗ ಬದಲಿಸಿದ್ದಾರೆ. ಇನ್ನೂ ಉಂಟಾ ಎಂದು ಕೇಳಿದರು. ಲಿಯೋನೆಲ್ ಕೂಡ ಹಾಗೆಯೇ. ಹಿಟ್ಟು ಹಾರಿಸುತ್ತ ಹೋಗುವ ಅವರ ಲಾರಿಗಳನ್ನು ಪೊಲೀಸರು ದಾರಿಯಲ್ಲಿ ನಿಲ್ಲಿಸುತ್ತಿದ್ದರು. ಈಗ ಚಾಲಕ ಮೇಲೆ ಬಲೆ ಬಿಗಿದಿದ್ದ. ಬಲೆಯ ಕಣ್ಣಲ್ಲಿ ಹಿಟ್ಟು ಹಾರುತ್ತದೆ, ಅದರ ಕೆಳಗೆ ಹೊದೆಸಲು ಬಟ್ಟೆ ಇದೆಯಾ ಎಂದು ಅವರು ಸಂಕೋಚದಿಂದ ವಿಚಾರಿಸಿದರು. ಮಲ್ಪೆಯವರು ಕೆಸರು ತುಂಬಿದ ಶೆಡ್ಡಿಗೆ ಮುರಿದ ಇಂಟರ್‌ಲಾಕ್ ಹಾಸಿಬಿಟ್ಟಿದ್ದರು.

ಹಾಗಾಗಿ ಭಾನುವಾರ ಸಂಜೆಯೊಳಗೆ ಅಂಗಳ ಖಾಲಿಯಾಯಿತು. ಹಿಟ್ಟಿನ ರಾಶಿಯನ್ನು ಶೇಕಬ್ಬ ನೀರು ಚಿಮುಕಿಸಿ, ಹಾಸಿಗೆ ಬಟ್ಟೆ ಹೊದೆಸಿ, ಮೇಲೆ ಬಲೆ ಬಿಗಿದ. ಜ್ವರ ಬಂದ ಆನೆಯೊಂದು ಮಲಗಿದ ಹಾಗೆ ಕಂಡಿತು. ರಾಶಿಯ ಸುತ್ತ ಮಳೆನೀರು ಬಾವಿಯ ಕಡೆಗೆ ಇಳಿಯದಂತೆ ಕಲ್ಲಿನ ಕಟ್ಟೆಯನ್ನೂ ಕಟ್ಟಿದ. ಪುಷ್ಪಾವತಿ ಗೋಡೆಯ ಆಚೆಯಿಂದ ಎಲ್ಲ ನೋಡಿ, ಚಾಪೆಯ ಮೀನು ಎತ್ತಿಕೊಂಡು ಒಳಗೆ ಹೋದಳು.

ಸೋಮವಾರ ಬೆಳಿಗ್ಗೆ ಮೂರು ಗಾಡಿಗಳು ಒಟ್ಟಿಗೆ ಬಂದವು, ಒಂದರ ಹಿಂದೆ ಒಂದು, ತುಂಬಿಕೊಂಡು.

ಇದಕ್ಕೆ ರೇಚಲ್ ಕಾರಣ. ಪ್ರಧಾನ ಸ್ವೀಕಾರ ಕೇಂದ್ರವನ್ನು ನೋಡಲು ಅವಳು ಆ ದಿನವೇ ಹೊರಗಿನ ಉದ್ಯಮಿಗಳನ್ನು ಕರೆತರುವವಳಿದ್ದಳು. ಅವರಿಗೆ ನೋಡಲು ಏನಾದರೂ ಇರಬೇಕಲ್ಲ ಎಂದು, ಕಲ್ಲಿನ ಹಿಟ್ಟು ಹೇಗೂ ಇದ್ದದ್ದರಿಂದ, ಉಳಿದ ಮೂರು ಕಡೆಗೂ ಒಂದೊಂದು ಹೊಸ ಲೋಡು ಕಳಿಸಲು ಹೇಳಿದ್ದಳು. ಗೇರುಬೀಜದವರ ಲಾರಿ, ಲಾಂಡ್ರಿಯವರ ಟೆಂಪೋ, ಬಲೆಯವರ ಟೆಂಪೋ. ಹೆದ್ದಾರಿಯ ತುದಿಯಲ್ಲಿ ಹರಿಣಾಕ್ಷಿಯವರ ಜೀಪು ತಿರುಗುತ್ತಿರುವುದು ಕಾಣುತ್ತಿತ್ತು.

ಇಂಥ ಹೊತ್ತಿನಲ್ಲಿ ಮನುಷ್ಯ ಬುದ್ಧಿವಂತನಾಗುತ್ತಾನೆ ಎಂದು ಹೇಳುತ್ತಾರೆ. ಶೇಕಬ್ಬ ಆಗಲಿಲ್ಲ. ಅವನಿಗೆ ಗೊತ್ತಿದ್ದದ್ದು ಎರಡೇ: ನೆಲಕ್ಕೆ ಒಂದು ಬುಟ್ಟಿ ಬಿದ್ದರೆ ಸರಕಾರ ಬೀಗ ಹಾಕುತ್ತದೆ, ಬಂದ ಗಾಡಿ ಬಂದ ಹಾಗೇ ತಿರುಗಿದರೆ ಹೆಂಡತಿ ಮಾತು ಬಿಡುತ್ತಾಳೆ. ಅವನು ಗೇಟಿಗೆ ಅಡ್ಡ ನಿಂತು ಎರಡು ಕೈಗಳನ್ನೂ ಮೇಲೆತ್ತಿ, ಇಳಿಸಬೇಡಿ ಎಂದ. ಸಿಪ್ಪೆಯ ಚಾಲಕನಿಗೆ, ನೀನು ಹೀಗೇ ಮಣಿಪಾಲಕ್ಕೆ ಹೋಗು ಎಂದ. ಲಾಂಡ್ರಿಯವನಿಗೆ, ಅರ್ಧ ಬಟ್ಟೆ ಗೇರುಬೀಜದವರಿಗೆ, ಅರ್ಧ ಲಿಯೋನೆಲ್ ಅವರಿಗೆ, ಎರಡೂ ಕಾರ್ಕಳವೇ ಎಂದ. ಬಲೆಯವನನ್ನೂ ಅವನ ಹಿಂದೆಯೇ ಕಳಿಸಿದ. ಯಾರೂ ಖಾಲಿ ಹೋಗಬೇಡಿ, ಯಾರೂ ಇಳಿಸಬೇಡಿ ಎಂದು ಅವನು ಕೂಗುತ್ತಿದ್ದರೆ, ಪಾತುಮ್ಮ ಗಾಡಿಯಿಂದ ಗಾಡಿಗೆ ಚಹಾ ಕೊಡುತ್ತ ಬಂದಳು. ಚಾಲಕರು ಕುಡಿದು ಲೋಟ ಕೊಟ್ಟು, ತಿರುಗಿಸಲು ಜಾಗವಿಲ್ಲದೆ ಹಿಂದೆ ಹಿಂದೆ ಓಡಿಸಿಕೊಂಡು ಹೋದರು. ಜೀಪೂ ಹಿಂದೆ ಸರಿಯಬೇಕಾಯಿತು. ಅದರ ಹಿಂದೆ ರೇಚಲ್‌ಳ ವ್ಯಾನೂ ಸರಿಯಿತು.

ಅಂತೂ ಎಲ್ಲರೂ ಅಂಗಳಕ್ಕೆ ಬಂದಾಗ ಅಲ್ಲಿ ಏನೂ ಇರಲಿಲ್ಲ. ಒಂದು ಮೆಷಿನು, ಹೊದ್ದು ಮಲಗಿದ ಆನೆ, ಶೇಕಬ್ಬ.

ಹರಿಣಾಕ್ಷಿ ಬೀಗ ಹಿಡಿದು ಸುತ್ತಲೂ ನೋಡಿದರು. ರೇಚಲ್ ಕ್ಯಾಮೆರಾ ಹಿಡಿದು ಸುತ್ತಲೂ ನೋಡಿದಳು. ಒಬ್ಬರಿಗೆ ಮುಚ್ಚಲು, ಇನ್ನೊಬ್ಬರಿಗೆ ತೋರಿಸಲು ಕಸ ಬೇಕಾಗಿತ್ತು. ಇಬ್ಬರ ಮುಖವೂ ಒಂದೇ ತರಹ ಇಳಿದಿತ್ತು. ವಸ್ತುಗಳೆಲ್ಲ ಎಲ್ಲಿ ಎಂದು ರೇಚಲ್ ಮೆಲ್ಲಗೆ ಕೇಳಿದಳು. ಅವು ಅವರವರ ಮನೆಗೆ ಹೋದವು ಎಂದ ಶೇಕಬ್ಬ. ಅವಳು ತುಂಬಿದ ಗಾಡಿಗಳು ಹೋದ ಓಣಿಯನ್ನೇ ನೋಡಿ, ಆಮೇಲೆ ಕ್ಯಾಮೆರಾವನ್ನು ಚೀಲದೊಳಗೆ ಹಾಕಿ, ಬಹಳ ದಿನದ ಭಾರ ಇಳಿದವಳಂತೆ ಮೆಷಿನಿನ ಕಟ್ಟೆಯ ಮೇಲೆ ಕೂತಳು.

ವ್ಯಾನಿನಿಂದ ಇಳಿದವರಲ್ಲಿ ಬಿಳಿ ಅಂಗಿಯ ಒಬ್ಬರಿದ್ದರು. ಪೈಂಟಿನ ಕಂಪೆನಿಯವರು, ಅವರೊಬ್ಬರು ಮಾತ್ರ ಇದೇ ಜಿಲ್ಲೆಯವರು. ಅವರಿಗೆ ಖಾಲಿ ಅಂಗಳ ಬಹಳ ಹಿಡಿಸಿತು. ಶೇಕಬ್ಬನ ಎರಡು ಕೈಗಳನ್ನೂ ಹಿಡಿದು, ನಿಮ್ಮ ಹೆಸರು ಕೇಳಿದ್ದೇನೆ ಎಂದರು. ತಮ್ಮಲ್ಲಿ ಬಣ್ಣದ ಕೆಸರು ಉಂಟು, ನೀಲಿ ಡ್ರಮ್ಮುಗಳಲ್ಲಿ ಭದ್ರವಾಗಿ ಬರುತ್ತದೆ, ಸದ್ಯಕ್ಕೆ ಇಲ್ಲಿ ಮೂಲೆಯಲ್ಲಿ ಇಟ್ಟಿದ್ದರೆ ಸಾಕು, ಡ್ರಮ್ಮು ಕೂಡ ನಿಮಗೇ, ವಾಪಸು ಕಳಿಸಬೇಕಾಗಿಲ್ಲ ಎಂದರು. ರೇಚಲ್ ದಡಬಡಿಸಿ ಎದ್ದು, ಸರ್, ಅದಕ್ಕೆ ಬೇರೆ ಕಾನೂನು ಉಂಟು ಎಂದಳು. ಅವರು ಅವಳಿಗೆ ನಸುನಕ್ಕು ಶೇಕಬ್ಬನನ್ನೇ ನೋಡುತ್ತಿದ್ದರು. ಹರಿಣಾಕ್ಷಿ ಬೀಗವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಗೋಡೆಯ ಆಚೆ ಪುಷ್ಪಾವತಿ ಮೀನು ಮಗುಚುವುದನ್ನು ನಿಲ್ಲಿಸಿದಳು.

ಶೇಕಬ್ಬನ ಬಾಯಿಗೆ 'ಆಯ್ತು' ಬಂದು ನಿಂತಿತ್ತು. ಬಿಳಿ ಅಂಗಿಯವರ ಮುಖ ಎಷ್ಟು ಪ್ರಸನ್ನವಾಗಿತ್ತೆಂದರೆ ಅದು ಬಾಡುವುದನ್ನು ನೋಡುವುದಕ್ಕಿಂತ ಶಾರ್ಜಾವೇ ಸುಲಭ ಅನ್ನಿಸುವಂತಿತ್ತು.

"ಬೇಡ," ಎಂದ ಶೇಕಬ್ಬ.

ದನಿ ಅವನದ್ದೇ. ಪಾತುಮ್ಮ ಬಾಗಿಲಿಗೆ ಬಂದಳು.

ಆದರೆ ಈ ಕರಾವಳಿಯಲ್ಲಿ ಮೊದಲ ಬೇಡಕ್ಕೆ ಬೆಲೆ ಇಲ್ಲ. ಅದು ಊಟಕ್ಕೆ ಕರೆದಾಗ ಎಲ್ಲರೂ ಹೇಳುವ ಬೇಡ. ಹೊಟ್ಟೆ ಹಸಿದವನೂ ಹೇಳುತ್ತಾನೆ. ಬಿಳಿ ಅಂಗಿಯವರು ಊರಿನವರಾದ್ದರಿಂದ ಅದನ್ನು ಹಾಗೆಯೇ ತೆಗೆದುಕೊಂಡು, ಸಂಕೋಚ ಎಂತಕ್ಕೆ ಶೇಕಬ್ಬರೇ, ನಮ್ಮವರೇ ಅಲ್ವಾ ಎಂದರು. ಶೇಕಬ್ಬ ಎರಡನೆಯ ಸಲ ಬೇಡ ಎಂದ. ಎರಡನೆಯದು ಮರ್ಯಾದೆಯ ಬೇಡ. ಅದಕ್ಕೂ ಬಡಿಸುತ್ತಾರೆ. ಅವರು ಇನ್ನಷ್ಟು ನಕ್ಕು, ನಾಳೆಯೇ ಒಂದು ಲೋಡು ಕಳಿಸುತ್ತೇನೆ ಎಂದು ಅವನ ಬೆನ್ನು ತಟ್ಟಿದರು. ನಿಜವಾದ ಬೇಡ ಮೂರನೆಯದು, ಎಲೆಯ ಮೇಲೆ ಕೈ ಅಡ್ಡ ಹಿಡಿದು ಹೇಳುವಂಥದ್ದು. ಶೇಕಬ್ಬ ಹುಟ್ಟಿದಂದಿನಿಂದ ಅಲ್ಲಿಯವರೆಗೆ ಹೋದವನಲ್ಲ. ಅವನ ಬಾಯಿ ತೆರೆಯಿತು, ಸದ್ದು ಬರಲಿಲ್ಲ.

"ಅವರಿಗೆ ಬೇಡ," ಎಂದಿತು ಗೋಡೆಯ ಆಚೆಯ ದನಿ. "ನಮಗೂ ಬೇಡ. ಎರಡು ಮನೆಯ ಬಾವಿಗೂ ಒಂದೇ ಒರತೆ."

ಬಿಳಿ ಅಂಗಿಯವರ ಮುಖ ಬಾಡಿತು. ಆಕಾಶ ಬೀಳಲಿಲ್ಲ. ಶೇಕಬ್ಬ ಅದನ್ನು ಆಶ್ಚರ್ಯದಿಂದ ನೋಡುತ್ತ ನಿಂತ.

ಹರಿಣಾಕ್ಷಿ ಗೋಡೆಯ ಹತ್ತಿರ ಹೋಗಿ, ನಿಮ್ಮ ದೂರು ಏನು ಮಾಡುವುದು ಎಂದು ಕೇಳಿದರು. ಪುಷ್ಪಾವತಿ ಹೊದೆಸಿದ ರಾಶಿಯನ್ನೂ ಕಲ್ಲಿನ ಕಟ್ಟೆಯನ್ನೂ ಮತ್ತೊಮ್ಮೆ ನೋಡಿದಳು. ಅವಸರ ಮಾಡಲಿಲ್ಲ.

"ಬೀಗ ಬೇಡ ಮೇಡಂ. ಮೆಷಿನು ಓಡಲಿ. ಹಿಟ್ಟು ಹಾರಿದರೆ ನಾನೇ ಬೈತೇನೆ, ನೀವು ಅಷ್ಟು ದೂರದಿಂದ ಬರುವುದು ಬೇಡ."

ಇದನ್ನು ಯಾವ ಕಲಮಿನಡಿ ಸೇರಿಸುವುದು ಎಂದು ಹರಿಣಾಕ್ಷಿ ಯೋಚಿಸುತ್ತಿರುವಾಗಲೇ ಸಮುದ್ರದ ಗಾಳಿ ಎದ್ದಿತು. ರಾಶಿಯ ಒಂದು ಮೂಲೆಯಲ್ಲಿ ಬಟ್ಟೆ ಮೇಲೆದ್ದು, ಒಂದು ಹಿಡಿ ಬಿಳಿ ಹಿಟ್ಟು ಮೆಲ್ಲಗೆ ಗೋಡೆ ದಾಟಿ, ಪುಷ್ಪಾವತಿಯ ಬಂಗುಡೆಯ ಮೇಲೆ ಇಳಿಯಿತು.

ಪುಷ್ಪಾವತಿ ಶುರು ಮಾಡಿದಳು. ತುಳುವಿನಲ್ಲಿ, ನಿಧಾನವಾಗಿ, ಶೇಕಬ್ಬನ ಮೆಷಿನಿನಿಂದ ತೊಡಗಿ ಅವನ ಬುದ್ಧಿ, ಅವನ ಹಿರಿಯರು, ಅವನ ಫೋಟೋ, ಕಾರ್ಕಳದ ಕಲ್ಲು, ಮಣಿಪಾಲದ ಸಭೆ ಎಲ್ಲವನ್ನೂ ಒಂದೊಂದಾಗಿ ಎತ್ತಿಕೊಂಡು ಬೈದಳು. ತುಳು ಬಾರದ ಅತಿಥಿಗಳು ಇದು ಸ್ವಾಗತ ಭಾಷಣವೋ ಎಂದು ಕೈಕಟ್ಟಿ ನಿಂತರು. ಹರಿಣಾಕ್ಷಿ ಒಂದಿಷ್ಟು ಕೇಳಿ, ದೂರಿನ ವಿಲೇವಾರಿ ತೃಪ್ತಿಕರವಾಗಿ ನಡೆಯುತ್ತಿದೆ ಎಂದು ಕಂಡುಕೊಂಡು ಜೀಪು ಹತ್ತಿದರು. ಶೇಕಬ್ಬ ತಲೆ ತಗ್ಗಿಸಿ, ಪ್ರತಿ ಬೈಗುಳಕ್ಕೂ ಹೌದು ಪುಷ್ಪಕ್ಕ, ಹೌದು ಪುಷ್ಪಕ್ಕ ಎನ್ನುತ್ತ, ಒಂದೊಂದೇ ಇಂಟರ್‌ಲಾಕ್ ಹೊತ್ತು ತಂದು ಬಟ್ಟೆಯ ಅಂಚಿನ ಮೇಲೆ ಸಾಲಾಗಿ ಇಡುತ್ತ ಹೋದ. ಪಾತ್ರೆ ಖಾಲಿ ಬಂದ ಮೇಲೆ ಗೋಡೆಯ ಆಚೆಯಿಂದ ಇಷ್ಟು ಧಾರಾಳವಾಗಿ ಏನಾದರೂ ಬಂದದ್ದು ಇದೇ ಮೊದಲು, ಅವಳು ಬೇಗ ನಿಲ್ಲಿಸಬಾರದು ಎಂದು ಅವನಿಗೆ ಅನ್ನಿಸುತ್ತಿತ್ತು.